ಸ್ಟೇರಿಂಗ್ ಟೈಟು ಅಂದರೆ ಯಾವಾಗ ಟೈಟು?

ನಮ್ಮ ಗಾಡಿ 2004ರ ಮಾಡೆಲ್. ಕೆಎ 11 ನಂಬರು, ಬಿಳಿ ಬಣ್ಣ, ನಾನು ಮೂರನೇ ಓನರ್. ಕಂಪನಿ ಹೆಸರು ಬೇಡ ಬಿಡಿ, ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ.

ತೊಂದರೆ ಗೊತ್ತಾಗಿದ್ದು ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ. ಶನಿವಾರ ಸಂಜೆ ಅಲ್ಲಿ ಪಾರ್ಕಿಂಗ್ ಸಿಗುವುದೇ ಪುಣ್ಯ. ಎರಡು ಕಾರುಗಳ ನಡುವೆ ಒಂದು ಜಾಗ ಸಿಕ್ಕಿತು ಅಂತ ರಿವರ್ಸ್ ಹಾಕಿ ಸ್ಟೇರಿಂಗ್ ತಿರುಗಿಸಿದರೆ ಅದು ಬರುತ್ತಲೇ ಇಲ್ಲ. ರಾಗಿಕಲ್ಲು ಬೀಸಿದ ಹಾಗಿತ್ತು. ಬಾನೆಟ್ ಒಳಗಿಂದ ಗುಂಯ್ ಅಂತ ಒಂದು ಸದ್ದು ಬೇರೆ, ನಾನು ತಿರುಗಿಸಿದಷ್ಟೂ ಜಾಸ್ತಿ ಆಗುವುದು, ಬಿಟ್ಟರೆ ಕಡಿಮೆ ಆಗುವುದು. ಹಿಂದೆ ಆಟೋದವನ ಹಾರ್ನು. ಪಕ್ಕದಲ್ಲಿ ಹೆಂಡತಿ, 'ಬೇಡ ಬನ್ನಿ, ಮುಂದೆ ಎಲ್ಲಾದರೂ ಹಾಕೋಣ' ಅಂತ ಮೆಲ್ಲಗೆ ಹೇಳಿದಳು. ಆ ಮೆಲ್ಲಗೆ ಹೇಳಿದ್ದೇ ಜಾಸ್ತಿ ಚುಚ್ಚಿತು.

ಮಂಡ್ಯಕ್ಕೆ ವಾಪಸ್ ಬಂದು ಸೋಮವಾರ ಇಲ್ಲೇ ಒಂದು ಗ್ಯಾರೇಜಿಗೆ ತೋರಿಸಿದೆ. ಹುಡುಗ ಸ್ಟೇರಿಂಗನ್ನು ಆ ಕಡೆ ಒಂದು ಸಲ, ಈ ಕಡೆ ಒಂದು ಸಲ ತಿರುಗಿಸಿದ. 'ರ್ಯಾಕ್ ಹೋಗಿದೆ ಸಾರ್, ಚೇಂಜ್ ಮಾಡಬೇಕು' ಅಂದ. ರ್ಯಾಕ್ ಅಂದರೆ ಸ್ಟೇರಿಂಗ್ ತಿರುಗಿಸಿದಂತೆ ಎಡಬಲ ಸರಿದು ಮುಂದಿನ ಚಕ್ರಗಳನ್ನು ತಿರುಗಿಸುವ ಭಾಗ. ಎರಡು ನಿಮಿಷವೂ ಆಗಿರಲಿಲ್ಲ. ಹೇಳಿದ ರೇಟು ಈ ಗಾಡಿ ಮಾರಿದರೆ ಬರುವ ದುಡ್ಡಿನಲ್ಲಿ ಕಾಲು ಭಾಗ. ಯೋಚನೆ ಮಾಡಿ ಹೇಳ್ತೀನಿ ಅಂತ ಬಂದೆ.

ಬೀದಿಯಲ್ಲಿ ಸಲಹೆಗೆ ಬರವಿಲ್ಲ. ಎದುರು ಮನೆಯವರು 'ಸ್ಟೇರಿಂಗ್ ಡಬ್ಬದಲ್ಲಿ ಆಯಿಲ್ ಕಡಿಮೆ ಇರಬೇಕು, ಬ್ರೇಕ್ ಆಯಿಲ್ ಇದ್ದರೆ ಸ್ವಲ್ಪ ಹಾಕಿ, ಎಲ್ಲಾ ಒಂದೇ' ಅಂದರು. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲಾ ಒಂದೇ ಅಲ್ಲ. ಬ್ರೇಕ್ ಆಯಿಲ್ ಸ್ಟೇರಿಂಗಿನ ರಬ್ಬರ್ ಸೀಲುಗಳನ್ನು ಹಾಳು ಮಾಡುತ್ತದೆ, ಸ್ಟೇರಿಂಗ್ ಆಯಿಲ್ ಬ್ರೇಕಿಗೆ ಹೋದರೆ ಅಲ್ಲಿನ ರಬ್ಬರ್ ಊದಿಕೊಂಡು ಬ್ರೇಕೇ ಹೋಗುತ್ತದೆ. ನಮ್ಮ ಗಾಡಿಗೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಕೆಂಪು ಆಯಿಲ್. ಎಲ್ಲಾ ಕಾರಿಗೂ ಅದೇ ಅಂತ ತಿಳಿಯಬೇಡಿ, ಹೋಂಡಾದಂಥವರು ತಮ್ಮದೇ ಬೇರೆ ಆಯಿಲ್ ಕೇಳುತ್ತಾರೆ. ಡಬ್ಬದ ಮುಚ್ಚಳದ ಮೇಲೆ ಅಥವಾ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ.

ಕೊನೆಗೆ ಭಾವ ಹೇಳಿದರು ಅಂತ ಮೈಸೂರಿನ ಬನ್ನಿಮಂಟಪದ ಕಡೆ ಒಬ್ಬ ಮೇಸ್ತ್ರಿ ಹತ್ತಿರ ಹೋದೆ. ಅರವತ್ತು ದಾಟಿದವರು, ಶೆಡ್ಡಿನ ಮುಂದೆ ಸ್ಟೂಲ್ ಹಾಕಿಕೊಂಡು ಟೀ ಕುಡಿಯುತ್ತಿದ್ದರು. ನಾನು 'ಸ್ಟೇರಿಂಗ್ ಟೈಟು' ಅಂದೆ.

'ಯಾವಾಗ ಟೈಟ್ ಆಯ್ತದೆ ಸಾ?'

'ಯಾವಾಗಲೂ.'

'ಯಾವಾಗ್ಲೂ ಅಂದ್ರೆ ನಾನೇನ್ ಮಾಡ್ಲಿ? ಹೊಟ್ಟೆನೋವು ಅಂತ ಡಾಕ್ಟ್ರ ತಾವ ಹೋದ್ರೆ ಊಟಕ್ ಮುಂಚೆನಾ ಊಟ ಆದ್ಮೇಲಾ ಅಂತ ಕೇಳಾಕಿಲ್ವಾ? ಒಂದ್ ವಾರ ಓಡ್ಸಿ, ನೋಡ್ಕಂಡ್ ಬನ್ನಿ.'

ಬಾನೆಟ್ಟೂ ಎತ್ತಲಿಲ್ಲ. ಗಾಳಿ ಮಾತ್ರ ಚೆಕ್ ಮಾಡಿದರು. ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ 30 ಅಂತ ಇತ್ತು, ಮುಂದಿನ ಟೈರುಗಳಲ್ಲಿ ಇದ್ದದ್ದು 22. ನನ್ನ ಮುಖ ನೋಡಿ ಏನೂ ಹೇಳದೆ ಗಾಳಿ ಹಿಡಿಸಿ ಕಳಿಸಿದರು. ನಲವತ್ತೈದು ಕಿಲೋಮೀಟರ್ ಬಂದು ಗಾಳಿ ಹಾಕಿಸಿಕೊಂಡು ಹೋಗಿದ್ದೇ ಆಯಿತು. ಸ್ವಲ್ಪ ಹಗುರ ಆಯಿತು, ಅದೂ ನಿಜ. ಗುಂಯ್ ಸದ್ದು ಮಾತ್ರ ಹಾಗೇ ಇತ್ತು.

ಆ ಒಂದು ವಾರ ನಾನು ಮಾಡಿದ್ದು ಇಷ್ಟೇ. ಅಡಿಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರ ಆಯಾ ತಾರೀಖಿನಲ್ಲೇ ಸ್ಟೇರಿಂಗಿನ ಲೆಕ್ಕವನ್ನೂ ಬರೆದೆ. 'ಒಂದೂವರೆ ಲೀಟರ್' ಅನ್ನುವುದರ ಕೆಳಗೆ 'ಬೆಳಿಗ್ಗೆ ಸದ್ದು ಜಾಸ್ತಿ'. ಮಾರನೇ ದಿನ 'ರೇಸ್ ಕೊಟ್ಟರೆ ಹಗುರ'. ಹೈವೇನಲ್ಲಿ ಏನೂ ತೊಂದರೆ ಇಲ್ಲ. ಅದು ಸಹಜವೇ, ಎಂಬತ್ತರ ಮೇಲೆ ಓಡುವಾಗ ಪವರ್ ಸ್ಟೇರಿಂಗಿಗೆ ಅಂಥಾ ಕೆಲಸವೇ ಇರುವುದಿಲ್ಲ. ಸರ್ವಿಸ್ ರಸ್ತೆಗೆ ಇಳಿದು ಕಬ್ಬಿನ ಟ್ರ್ಯಾಕ್ಟರ್ ಹಿಂದೆ ನಿಂತು, ಗುಂಡಿ ತಪ್ಪಿಸಿ, ಹಂಪ್ ಪಕ್ಕ ನುಸುಳಿ ಹೋಗುವಾಗ ಗೊತ್ತಾಗುವುದು. ಎಡಕ್ಕೂ ಬಲಕ್ಕೂ ಒಂದೇ ತೂಕ. ಗುರುವಾರ ಇನ್ನೊಂದು ಸಾಲು ಬರೆದೆ: 'ತಿರುವು ಆದ ಮೇಲೆ ಸ್ಟೇರಿಂಗ್ ತಾನಾಗೇ ವಾಪಸ್ ಬರುವುದಿಲ್ಲ.' ಬರೆದೆ, ಅಷ್ಟೇ. ಅದಕ್ಕೆ ಬೆಲೆ ಕೊಡಲಿಲ್ಲ. ಅದರ ಕಥೆ ಆಮೇಲೆ ಬರುತ್ತದೆ.

ಈಗ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ನಾನು ಹೇಳುತ್ತಿರುವುದು ಹಳೆಯ ಹೈಡ್ರಾಲಿಕ್ ಸ್ಟೇರಿಂಗ್ ಬಗ್ಗೆ. ಈಗಿನ ಕಾರುಗಳಲ್ಲಿ ಮೋಟಾರಿನದು ಬರುತ್ತದೆ, ಅದರಲ್ಲಿ ಆಯಿಲೂ ಇಲ್ಲ ಪೈಪೂ ಇಲ್ಲ, ಟೈಟ್ ಆದರೆ ಮೊದಲು ಬ್ಯಾಟರಿ ನೋಡಬೇಕು, ಡ್ಯಾಶ್‌ಬೋರ್ಡಿನ ಲೈಟು ನೋಡಬೇಕು. ಹಳೆಯದರಲ್ಲಿ ಎಂಜಿನ್ನಿನ ಬೆಲ್ಟು ಒಂದು ಪಂಪನ್ನು ತಿರುಗಿಸುತ್ತಿರುತ್ತದೆ. ಪಂಪು ಡಬ್ಬದಿಂದ ಆಯಿಲ್ ಎಳೆದುಕೊಂಡು ರ್ಯಾಕಿಗೆ ತಳ್ಳುತ್ತದೆ. ಸ್ಟೇರಿಂಗ್ ಕೋಲು ರ್ಯಾಕಿಗೆ ಸೇರುವ ಜಾಗದಲ್ಲಿ ಒಂದು ತೆಳು ಉಕ್ಕಿನ ಕಡ್ಡಿ ಇದೆ. ನಾವು ತಿರುಗಿಸಿದಾಗ ಅದು ಒಂಚೂರು ತಿರುಚಿಕೊಳ್ಳುತ್ತದೆ, ಆ ತಿರುಚಿಗೆ ಒಂದು ವಾಲ್ವ್ ತೆರೆದು ಆಯಿಲ್ ಎಡಕ್ಕೋ ಬಲಕ್ಕೋ ನುಗ್ಗಿ ರ್ಯಾಕನ್ನು ಆ ಕಡೆ ತಳ್ಳುತ್ತದೆ.

ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ವಿ.ಸಿ. ನಾಲೆ (ವಿಶ್ವೇಶ್ವರಯ್ಯ ಕಾಲುವೆ), ತೂಬು, ಗದ್ದೆ. ಪಂಪು ನಾಲೆಗೆ ನೀರು ಬಿಡುವುದು, ವಾಲ್ವು ತೂಬು, ರ್ಯಾಕಿನ ಎಡಬಲ ಎರಡು ಗದ್ದೆ. ಎರಡೂ ಗದ್ದೆಗೆ ನೀರಿಲ್ಲ ಅಂದರೆ ನಾಲೆಯಲ್ಲೇ ನೀರು ಕಡಿಮೆ. ಒಂದು ಗದ್ದೆಗೆ ಬಂದು ಇನ್ನೊಂದಕ್ಕೆ ಬರುತ್ತಿಲ್ಲ ಅಂದರೆ ತೂಬಿನ ಹತ್ತಿರ ಹೋಗಿ ನೋಡಬೇಕು. ನನ್ನ ಗಾಡಿ ಎರಡು ಕಡೆಗೂ ಟೈಟು, ರೇಸ್ ಕೊಟ್ಟರೆ ಹಗುರ. ಅಂದರೆ ಪಂಪು ಜೋರಾಗಿ ತಿರುಗಿದಾಗ ಹೇಗೋ ಸಾಲುತ್ತಿದೆ. ತೊಂದರೆ ನಾಲೆಯ ಕಡೆಯದು, ಗದ್ದೆಯದಲ್ಲ. ರ್ಯಾಕ್ ಚೇಂಜ್ ಮಾಡಬೇಕು ಅಂದ ಹುಡುಗ ಸೀದಾ ಗದ್ದೆಗೆ ಹೋಗಿ ಗದ್ದೆಯನ್ನೇ ಬದಲಾಯಿಸಲು ಹೊರಟಿದ್ದ.

ಕ್ಯಾಲೆಂಡರ್ ಹಾಳೆಯ ಫೋಟೋ ತೆಗೆದುಕೊಂಡು ಮತ್ತೆ ಬನ್ನಿಮಂಟಪಕ್ಕೆ ಹೋದೆ. ಮೇಸ್ತ್ರಿ ಫೋನನ್ನು ದೂರ ಹಿಡಿದು ಓದಿ 'ಹಾಲು ಒಂದೂವರೆ ಲೀಟ್ರು' ಅಂತ ನಕ್ಕರು. ಆಮೇಲೆ ಬಾನೆಟ್ ಎತ್ತಿದರು.

ಮೊದಲು ಬೆಲ್ಟು. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರು. ಹತ್ತು ಮಿಲಿಮೀಟರಿನಷ್ಟು ಕೆಳಗೆ ಹೋಯಿತು, ಸಾಕು. ಬೆಲ್ಟು ಸಡಿಲ ಆಗಿದ್ದರೆ ಸದ್ದು ಗುಂಯ್ ಅಂತ ಬರುವುದಿಲ್ಲ, ಕೀಂಚ್ ಅಂತ ಬರುತ್ತದೆ, ಅದೂ ಸ್ಟೇರಿಂಗ್ ಪೂರ್ತಿ ಕಟ್ ಮಾಡಿದಾಗ, ಅಂದರೆ ಒಂದು ಕೊನೆಯವರೆಗೆ ತಿರುಗಿಸಿದಾಗ. ಈ ಎರಡು ಸದ್ದಿನ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಆಮೇಲೆ ಡಬ್ಬದ ಮುಚ್ಚಳ ತೆಗೆದರು. ಲೆವೆಲ್ ಸರಿಯಾಗೇ ಇತ್ತು, ನಾನೂ ನೋಡಿದ್ದೆ. ನಾನು ನೋಡಿದ್ದು ಎಂಜಿನ್ ಆಫ್ ಇದ್ದಾಗ, ಅವರು ನೋಡಿದ್ದು ಆನ್ ಇದ್ದಾಗ. ಒಳಗೆ ಆಯಿಲ್ ಇರಲಿಲ್ಲ, ನೊರೆ ಇತ್ತು. ಗುಲಾಬಿ ಬಣ್ಣದ ನೊರೆ, ಬಾದಾಮಿ ಹಾಲಿಗೆ ರೋಸ್ ಸಿರಪ್ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದ ಹಾಗೆ. 'ಈಗ ನೋಡಿ' ಅಂತ ತಮ್ಮ ಶೆಡ್ಡಿನ ಹುಡುಗನಿಗೆ ಎಂಜಿನ್ ಆಫ್ ಮಾಡಲು ಹೇಳಿದರು. ಲೆವೆಲ್ ಕಣ್ಣೆದುರೇ ಒಂದು ಬೆರಳಿನಷ್ಟು ಮೇಲೆ ಬಂತು. ಪೈಪುಗಳಲ್ಲಿ ಗಾಳಿ ಸೇರಿಕೊಂಡಿದ್ದರೆ ಹೀಗಾಗುತ್ತದೆ. ಪಂಪು ಓಡುವಾಗ ಒತ್ತಡಕ್ಕೆ ಗಾಳಿ ಕುಗ್ಗಿರುತ್ತದೆ, ಆಫ್ ಮಾಡಿದ ತಕ್ಷಣ ಹಿಗ್ಗಿ ಆಯಿಲನ್ನು ವಾಪಸ್ ಡಬ್ಬಕ್ಕೆ ತಳ್ಳುತ್ತದೆ. ಈ ಪರೀಕ್ಷೆಗೆ ಒಂದು ರೂಪಾಯಿ ಖರ್ಚಿಲ್ಲ, ಒಂದು ಸ್ಪ್ಯಾನರ್ ಬೇಡ. ಮಂಡ್ಯದಲ್ಲೇ ನಾನೇ ಮಾಡಬಹುದಿತ್ತು.

ಗಾಳಿ ಎಲ್ಲಿಂದ ಬಂತು? ನನ್ನ ತಲೆಯಲ್ಲಿ ಇದ್ದದ್ದು ಒಂದೇ ವಿಚಾರ, ತೂತಿದ್ದರೆ ಆಯಿಲ್ ಸೋರಬೇಕು, ಸೋರುತ್ತಿಲ್ಲ, ಹಾಗಾದರೆ ತೂತಿಲ್ಲ. ಇಲ್ಲೇ ನಾನು ಎಡವಿದ್ದು. ಪಂಪಿನಿಂದ ಮುಂದಕ್ಕೆ ಹೋಗುವ ಪೈಪಿನಲ್ಲಿ ಒತ್ತಡ ಭಾರಿ ಇರುತ್ತದೆ, ಪೂರ್ತಿ ಕಟ್ ಮಾಡಿದಾಗ ಸಾವಿರ ಪಿಎಸ್ಐ ಸುತ್ತಮುತ್ತ. ಟೈರಿನಲ್ಲಿ 30 ಅಂತ ನೆನಪಿಸಿಕೊಳ್ಳಿ. (ಅದಕ್ಕೇ ಎಂಜಿನ್ ಓಡುವಾಗ ಆ ಪೈಪಿನ ಲೀಕನ್ನು ಬೆರಳು ಸವರಿ ಹುಡುಕಬಾರದು, ಒಂದು ತುಂಡು ರಟ್ಟು ಹಿಡಿಯಿರಿ.) ಅಲ್ಲಿ ತೂತಾದರೆ ಆಯಿಲ್ ಚಿಮ್ಮುತ್ತದೆ. ಆದರೆ ಡಬ್ಬದಿಂದ ಪಂಪಿಗೆ ಬರುವ ಪೈಪಿನಲ್ಲಿ ಒತ್ತಡ ಇಲ್ಲ, ಅಲ್ಲಿ ಪಂಪು ಹೀರುತ್ತಿರುತ್ತದೆ. ಹೀರುವ ಪೈಪಿನಲ್ಲಿ ಬಿರುಕು ಬಿಟ್ಟರೆ ಆಯಿಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಮದ್ದೂರಿನಲ್ಲಿ ಎಳನೀರು ಕುಡಿಯುವಾಗ ಸ್ಟ್ರಾ ಮೇಲ್ಗಡೆ ಸೀಳಿದ್ದರೆ ಏನಾಗುತ್ತದೆ ನೆನಪಿದೆಯಾ? ಬುರುಡೆ ತುಂಬಾ ನೀರಿದ್ದರೂ ಬಾಯಿಗೆ ಬರುವುದು ಬರೀ ಗೊರಗೊರ. ಸ್ಟ್ರಾದಿಂದ ಒಂದು ಹನಿಯೂ ಹೊರಗೆ ಚೆಲ್ಲಿರುವುದಿಲ್ಲ.

ಮೇಸ್ತ್ರಿ ಅದನ್ನು ಹಿಡಿದ ರೀತಿ ನೋಡಬೇಕಿತ್ತು. ಎಂಜಿನ್ ಆನ್ ಮಾಡಿಸಿ, ಸಿರಿಂಜಿನಲ್ಲಿ ಸ್ವಲ್ಪ ಕೆಂಪು ಆಯಿಲ್ ಎಳೆದುಕೊಂಡು, ಹೀರುವ ಪೈಪು ಪಂಪಿಗೆ ಸೇರುವ ಕಡೆ ಕ್ಲಿಪ್ಪಿನ ಸುತ್ತ ಹನಿಹನಿಯಾಗಿ ಬಿಟ್ಟರು. ಏನೂ ಆಗಲಿಲ್ಲ. ಡಬ್ಬದ ತುದಿಯ ಕ್ಲಿಪ್ಪಿಗೆ ಬಂದರು. ನಾಲ್ಕನೇ ಹನಿಯೋ ಐದನೆಯದೋ, ಗುಂಯ್ ಅನ್ನುವ ಸದ್ದು ಸಟಕ್ಕನೆ ನಿಂತಿತು. ಎರಡು ಮೂರು ಸೆಕೆಂಡು ಅಷ್ಟೇ. ಮತ್ತೆ ಶುರುವಾಯಿತು. ಗಾಳಿ ಹೋಗುತ್ತಿದ್ದ ಸಂದಿಯಲ್ಲಿ ಆ ಹೊತ್ತಿಗೆ ಗಾಳಿಯ ಬದಲು ಆಯಿಲ್ ಹೋಗಿತ್ತು. 'ಕೇಳುಸ್ತಾ ಸಾ?' ಅಂದರು. ಇನ್ನೊಂದು ಸಲ ಬಿಟ್ಟು ತೋರಿಸಿದರು. ಪೈಪು ಬಿಚ್ಚಿ ಬಾಗಿಸಿದರೆ ತುದಿಯಲ್ಲಿ ಸಣ್ಣ ಸಣ್ಣ ಬಿರುಕು, ಹಳೇ ಚಪ್ಪಲಿಯ ಅಟ್ಟೆಯ ಹಾಗೆ. ರಬ್ಬರು ಕಲ್ಲಾಗಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿ ಗಟ್ಟಿ, ಅದಕ್ಕೇ ಬೆಳಿಗ್ಗೆ ಸದ್ದು ಜಾಸ್ತಿ.

ಪೈಪು ತರಲು ನನ್ನನ್ನೇ ಕಳಿಸಿದರು. ಸ್ಪೇರ್ ಪಾರ್ಟ್ಸ್ ಅಂಗಡಿಯವನು ಅದೇ ದಪ್ಪದ ರೇಡಿಯೇಟರ್ ಪೈಪು ಕತ್ತರಿಸಿ ಕೊಟ್ಟ, ನೋಡಲು ಒಂದೇ ಥರ. ಮೇಸ್ತ್ರಿ ಅದನ್ನು ಮೂಸಿ ನೋಡಿ ಪಕ್ಕಕ್ಕೆ ಎಸೆದರು. ನೀರಿನ ಪೈಪು ಬೇರೆ, ಆಯಿಲ್ ಪೈಪು ಬೇರೆ. ನೀರಿನದನ್ನು ಹಾಕಿದರೆ ಕೆಲವೇ ತಿಂಗಳಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ಮತ್ತೆ ಹೋಗಿ ಆಯಿಲ್ ಪೈಪು, ಎರಡು ಸ್ಕ್ರೂ ಕ್ಲಿಪ್ಪು ತಂದೆ. ಅಷ್ಟರಲ್ಲಿ ಡಬ್ಬ ಬಿಚ್ಚಿ ತಳದ ಜಾಲರಿ ತೋರಿಸಿದರು, ಕಾಫಿ ಚರಟದ ಹಾಗೆ ಕಪ್ಪು ಗಸಿ ಕಟ್ಟಿತ್ತು. ಬರೀ ಆ ಜಾಲರಿ ಕಟ್ಟಿಕೊಂಡರೂ ಪಂಪಿಗೆ ಆಯಿಲ್ ಸಾಲದೆ ಇದೇ ಗುಂಯ್ ಸದ್ದು ಬರುತ್ತದಂತೆ.

ಆಮೇಲೆ ಗಾಳಿ ತೆಗೆಯುವ ಕೆಲಸ. ಇದರಲ್ಲಿ ಅವಸರ ಮಾಡಿದರೆ ಕೆಟ್ಟಿತು. ಮುಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಎತ್ತಿ, ಎಂಜಿನ್ ಆಫ್ ಇಟ್ಟುಕೊಂಡು, ಸ್ಟೇರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ತಿರುಗಿಸಬೇಕು. ಇಪ್ಪತ್ತು ಸಲ. ನಡುನಡುವೆ ಡಬ್ಬದಲ್ಲಿ ಆಯಿಲ್ ಇಳಿದಂತೆ ತುಂಬಿಸುತ್ತಿರಬೇಕು. ಗುಳ್ಳೆ ನಿಂತ ಮೇಲೇ ಎಂಜಿನ್ ಆನ್, ಮತ್ತೆ ಅದೇ ಕೆಲಸ. ಕೊನೆಯಲ್ಲಿ ಹಿಡಿದು ನಿಲ್ಲಿಸಬಾರದು, ಐದು ಸೆಕೆಂಡೇ ಜಾಸ್ತಿ, ಆಗ ಪಂಪು ಪೂರ್ತಿ ಒತ್ತಡದಲ್ಲಿ ಸುಮ್ನೆ ಬಿಸಿಯಾಗುತ್ತದೆ. ತಿರುಗಿಸುವ ಕೂಲಿ ಕೆಲಸ ನನ್ನದೇ ಆಗಿತ್ತು. ಅಪ್ಪ ಓಡಿಸುತ್ತಿದ್ದ ಅಂಬಾಸಿಡರ್ ನೆನಪಾಯಿತು. ಅದಕ್ಕೆ ಪವರ್ ಸ್ಟೇರಿಂಗ್ ಇರಲಿಲ್ಲ, ಅದಕ್ಕೇ ಸ್ಟೇರಿಂಗ್ ಚಕ್ರ ಅಷ್ಟು ದೊಡ್ಡದು, ಅಪ್ಪ ಸೀಟಿನಿಂದ ಅರ್ಧ ಎದ್ದು ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಅಮೆರಿಕದಲ್ಲಿ 1951ರಲ್ಲೇ ಕ್ರೈಸ್ಲರ್ ಇಂಪೀರಿಯಲ್ ಕಾರಿಗೆ ಪವರ್ ಸ್ಟೇರಿಂಗ್ ಬಂದಿತ್ತಂತೆ. ನಮ್ಮ ಮನೆಗೆ ಬಂದಿದ್ದು ಈ ಬಿಳಿ ಗಾಡಿಯ ಜೊತೆಗೆ.

ಒಟ್ಟು ಖರ್ಚು ಆಯಿಲ್ ಸೇರಿ ಸಾವಿರದ ಮುನ್ನೂರು. ಸದ್ದು ಪೂರ್ತಿ ಹೋಗಿತ್ತು. ಒಂದೇ ಕೈಯಲ್ಲಿ ರಿವರ್ಸ್ ತೆಗೆದುಕೊಂಡು ಹೊರಟೆ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾಲ್ಕನೇ ದಿನ ಮಂಡ್ಯದ ನೂರಡಿ ರಸ್ತೆಯಲ್ಲಿ ಬಲಕ್ಕೆ ತಿರುಗಿ ಸ್ಟೇರಿಂಗ್ ಸಡಿಲ ಬಿಟ್ಟರೆ ಅದು ಅಲ್ಲೇ ನಿಂತಿತು. ತಾನಾಗಿ ನೇರ ಆಗಲಿಲ್ಲ. ಗಾಡಿ ಎದುರು ಬದಿಯ ತರಕಾರಿ ಗಾಡಿಯ ಕಡೆ ಹೊರಟಿತ್ತು, ನಾನೇ ಎಳೆದು ತಂದೆ. ಆಗ ನೆನಪಾಯಿತು ಗುರುವಾರದ ಸಾಲು.

ತಾನಾಗಿ ವಾಪಸ್ ಬರುವ ಗುಣಕ್ಕೂ ಪಂಪಿಗೂ ಸಂಬಂಧ ಕಡಿಮೆ. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಓರೆ ಇರುತ್ತದಲ್ಲ, ಕೈ ಬಿಟ್ಟು ಓಡಿಸಿದರೂ ನೇರ ಹೋಗುವುದರಲ್ಲಿ ಅದರ ಪಾಲೂ ಇದೆ. ಕಾರಿನ ಮುಂದಿನ ಚಕ್ರಗಳನ್ನೂ ಹಾಗೇ ಓರೆಯಾಗಿ ಕೂರಿಸಿರುತ್ತಾರೆ. ವಾಪಸ್ ಬರುತ್ತಿಲ್ಲ ಅಂದರೆ ಎಲ್ಲೋ ಏನೋ ಹಿಡಿದುಕೊಂಡಿದೆ. ಅಂದರೆ ನನ್ನ ಗಾಡಿಯಲ್ಲಿ ಎರಡು ಕಾಯಿಲೆ ಇದ್ದವು, ನಾನು ಎರಡಕ್ಕೂ 'ಟೈಟು' ಅಂತ ಒಂದೇ ಹೆಸರು ಇಟ್ಟಿದ್ದೆ.

ಈ ಸಲ ಮೇಸ್ತ್ರಿಗೆ ಫೋನ್ ಮಾಡಿದೆ. 'ಮುಂದ್ಗಡೆ ಎತ್ತಿ, ಎಂಜಿನ್ ಆಫ್ ಮಾಡ್ಬುಟ್ಟು ತಿರುಗ್ಸಿ ನೋಡಿ. ಎರಡು ಸ್ಟ್ಯಾಂಡ್ ಕೊಟ್ಟು ಎತ್ತಿ, ಬರೀ ಜಾಕ್ ಮೇಲೆ ನಂಬ್ಕಂಡು ಅಡಿಗ್ ಹೋಗ್ಬೇಡಿ' ಅಂದರು. ಭಾವನ ಹತ್ತಿರ ಸ್ಟ್ಯಾಂಡ್ ಇಸಿದುಕೊಂಡು ಭಾನುವಾರ ಮನೆ ಮುಂದೆಯೇ ಎತ್ತಿದೆ. ಚಕ್ರದ ಮೇಲೆ ಭಾರ ಇಲ್ಲ, ಪಂಪೂ ಓಡುತ್ತಿಲ್ಲ. ಹಗುರವಾಗಿ ತಿರುಗಬೇಕು. ಕಣ್ಣು ಮುಚ್ಚಿಕೊಂಡು ಎರಡು ಬೆರಳಿನಲ್ಲಿ ತಿರುಗಿಸಿದೆ. ಹಗುರ, ಆಮೇಲೆ ಗಟ್ಟಿ, ಮತ್ತೆ ಹಗುರ, ಮತ್ತೆ ಗಟ್ಟಿ. ಒಂದು ಸುತ್ತಿಗೆ ಸರಿಯಾಗಿ ಎರಡು ಸಲ. ಸ್ಟೇರಿಂಗ್ ಮೇಲೆ ಗಟ್ಟಿ ಆಗುವ ಜಾಗಕ್ಕೆ ಬಿಳಿ ಟೇಪ್ ಅಂಟಿಸಿ ನೋಡಿದೆ, ಪ್ರತಿ ಸುತ್ತಿಗೂ ಅದೇ ಜಾಗ.

ಸುತ್ತಿಗೆ ಎರಡು ಸಲ ಗಟ್ಟಿ ಅಂದರೆ ಸ್ಟೇರಿಂಗ್ ಕೋಲಿನ ಯುಜೆ ಕ್ರಾಸ್ ಹಿಡಿದುಕೊಂಡಿದೆ ಅಂತ. ಕೋಲು ಸೀದಾ ರ್ಯಾಕಿಗೆ ಹೋಗುವುದಿಲ್ಲ, ಮೂಲೆಯಲ್ಲಿ ಬಾಗಿ ಹೋಗಬೇಕು, ಆ ಬಾಗಿನಲ್ಲಿ ಇರುವ ಕೀಲು ಇದು. ಹಾಗಲ್ಲದೆ ಎಲ್ಲಾ ಕಡೆ ಒಂದೇ ಸಮ ಗಟ್ಟಿ ಇದ್ದಿದ್ದರೆ ರ್ಯಾಕನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಬಿಚ್ಚಿ ರ್ಯಾಕ್ ಗಟ್ಟಿಯೋ ಚಕ್ರದ ಕಡೆ ಗಟ್ಟಿಯೋ ಅಂತ ಬೇರೆ ಮಾಡಿ ನೋಡಬೇಕಿತ್ತು, ಸಸ್ಪೆನ್ಶನ್ ಮೇಲಿನ ಬೇರಿಂಗ್ ಹಿಡಿದರೂ ಹಾಗಾಗುತ್ತದೆ. ಅಷ್ಟು ದೂರ ಹೋಗುವ ಕೆಲಸ ಬರಲಿಲ್ಲ. ಪೆಡಲುಗಳ ಹತ್ತಿರ ತಲೆ ತೂರಿಸಿ ಟಾರ್ಚ್ ಬಿಟ್ಟರೆ ಕ್ರಾಸಿನ ಒಂದು ಬದಿ ಇಟ್ಟಿಗೆ ಬಣ್ಣ. ತುಕ್ಕು. ಯಾವುದೋ ಮಳೆಗಾಲದಲ್ಲಿ ನೀರು ಇಳಿದಿರಬೇಕು. ಸೀಮೆಎಣ್ಣೆ ಬಿಟ್ಟು, ಅರ್ಧ ಗಂಟೆ ಬಿಟ್ಟು, ಗ್ರೀಸ್ ಸವರಿದೆ. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ಹಿಡಿಯಿತು. ಕೊನೆಗೆ ಕ್ರಾಸನ್ನೇ ಬದಲಾಯಿಸಿದೆವು. ಬಿಚ್ಚುವ ಮುಂಚೆ ಮೇಸ್ತ್ರಿ ಕೋಲಿನ ಮೇಲೂ ಕೀಲಿನ ಮೇಲೂ ಬಣ್ಣದಲ್ಲಿ ಒಂದು ಗೆರೆ ಎಳೆದರು, ಇಲ್ಲದಿದ್ದರೆ ಸ್ಟೇರಿಂಗ್ ಓರೆ ಕೂರುತ್ತದೆ.

ಹಾಗಾದರೆ ರ್ಯಾಕ್ ನಿಜವಾಗಿ ಹೋಗುವುದೇ ಇಲ್ಲವಾ? ಹೋಗುತ್ತದೆ. ರ್ಯಾಕಿನ ಎರಡು ತುದಿಯಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಇರುವ ರಬ್ಬರ್ ಬೂಟು ಇರುತ್ತದೆ, ಅದನ್ನು ಅಮುಕಿ ನೋಡಿ. ಒಳಗೆ ಆಯಿಲ್ ತುಂಬಿಕೊಂಡು ಬುಳಬುಳ ಅಂದರೆ ಸೀಲ್ ಹೋಗಿದೆ ಅಂತ. ಎಡಕ್ಕೆ ಹಗುರ, ಬಲಕ್ಕೆ ಗಟ್ಟಿ ಅಂದರೂ ಅನುಮಾನ ಅಲ್ಲಿಗೇ ಹೋಗಬೇಕು. ಆಗ ದುಡ್ಡು ಬಿಚ್ಚಲೇಬೇಕು. ನಮ್ಮದು ಎರಡೂ ಬೂಟು ಒಣಗಿಕೊಂಡು ಸೌಖ್ಯವಾಗಿದ್ದವು. ಅಮುಕಿ ನೋಡುವ ಕೆಲಸ ಮೊದಲ ದಿನ ಆ ಗ್ಯಾರೇಜಿನಲ್ಲಿ ಯಾರೂ ಮಾಡಲಿಲ್ಲ.

ಕಳೆದ ಭಾನುವಾರ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೆವು. ದೇವರ ದರ್ಶನ ಅಂತ ಹೆಂಡತಿ, ತಿರುವುಗಳಲ್ಲಿ ಸ್ಟೇರಿಂಗ್ ವಾಪಸ್ ಬರುತ್ತದಾ ನೋಡಬೇಕು ಅಂತ ನಾನು. ಇಳಿಯುವಾಗ ಪ್ರತಿ ತಿರುವಿನಲ್ಲೂ ಹಿಡಿತ ಸಡಿಲ ಬಿಟ್ಟೆ, ಚಕ್ರ ಅಂಗೈಯೊಳಗೆ ತಾನಾಗೇ ಜಾರಿ ನೇರ ಆಯಿತು. 'ಎರಡೂ ಕೈಯಲ್ಲಿ ಸರಿಯಾಗಿ ಹಿಡ್ಕೊಳ್ರೀ' ಅಂತ ಬೈಸಿಕೊಂಡೆ.

ರಾತ್ರಿ ಗಾಡಿ ಅಡಿ ಒಂದು ರಟ್ಟು ಹಾಸುವುದು ಈಗ ಅಭ್ಯಾಸ ಆಗಿದೆ, ದಿನಸಿ ಅಂಗಡಿಯ ಬಿಸ್ಕತ್ತಿನ ಡಬ್ಬದ್ದು. ಈ ಬೆಳಿಗ್ಗೆ ನೋಡಿದರೆ ಅದರ ಮೇಲೆ ಎಂಟಾಣೆ ಅಗಲದ ಒಂದು ಕೆಂಪು ಚುಕ್ಕೆ. ಒತ್ತಡದ ಪೈಪಿನ ಲೋಹದ ಪಟ್ಟಿಯ ಹತ್ತಿರ ಸ್ವಲ್ಪ ಒದ್ದೆ ಇದೆ. ಕ್ಯಾಲೆಂಡರಿನಲ್ಲಿ ಹಾಲಿನ ಕೆಳಗೆ ಬರೆದಿದ್ದೇನೆ.